ಒನೊರೀನಳ ಬೆನ್ನುಹುರಿ

ಪ್ಯಾರಿಸ್, ೩ ಫೆಬ್ರವರಿ ೧೮೭೬
ಬೆಳಗಿನ ರೌಂಡ್ಸ್. ಹದಿನಾಲ್ಕನೇ ಮಂಚ — ಒನೊರೀನ್. ಊರವರ ಬಟ್ಟೆ ಒಗೆದು ಬದುಕಿದವಳು. ಕೈ ಸೊರಗಿದೆ, ಕಾಲು ಕಟ್ಟಿಗೆಯಂತೆ ಸೆಟೆದಿದೆ. ನಾಲಿಗೆ ತೊದಲುತ್ತೆ, ಆದರೂ ಸುಮ್ಮನಿರಲ್ಲ.
"ಮತ್ತೆ ಸೂಜಿ ತಂದ್ರಾ ಡಾಕ್ಟ್ರೇ? ನಾನೇನು ಹರಿದ ಲಂಗಾನಾ?"
ಪ್ರೊಫೆಸರ್ ಮೊರಿಸೇ ಇದು ಹಿಸ್ಟೀರಿಯಾ ಅಂತಾರೆ. ನನ್ನ ಪ್ರಕಾರ ರೋಗ ಬೆನ್ನುಹುರಿಯದು. ನನ್ನ ಪದವಿಯ ಪ್ರಬಂಧ ನಿಂತಿರೋದೇ ಅದರ ಮೇಲೆ. ಅವಳು ಬದುಕಿರುವಾಗ ಸಾಬೀತು ಮಾಡೋಕಾಗಲ್ಲ...

೧೯ ಫೆಬ್ರವರಿ
ಒನೊರೀನ್ ನನ್ನ ತೋಳು ಹಿಡಿಯಲು ನೋಡಿದಳು. ಆಗಲಿಲ್ಲ.
"ಸತ್ಮೇಲೆ ನನ್ನ ಸೀಳ್ಬೇಡಿ. ಇಡಿಯಾಗಿ ಹೂಳ್ಸಿ. ರುವಾನ್‌ನಲ್ಲಿ ತಂಗಿ ಇದಾಳೆ, ಕ್ಲೋತಿಲ್ಡ್. ಕಾಗದ ಹಾಕಿದ್ರೆ ಓಡ್ಬರ್ತಾಳೆ."
ಸತ್ತ ಒಂದು ದಿನದೊಳಗೆ ಬಂಧುಗಳು ಬಂದರೆ ದೇಹ ಅವರಿಗೆ. ಇಲ್ಲದಿದ್ದರೆ ಕೊಯ್ಯುವ ಮೇಜಿಗೆ. ಇಲ್ಲಿನ ನಿಯಮ.
"ಆಗಲಿ ತಾಯಿ, ಮಾತು ಕೊಟ್ಟೆ" ಅಂದೆ.

೧೧ ಮಾರ್ಚ್
ಉಸಿರು ಎಳೀತಿದೆ. ಇನ್ನೆರಡು ದಿನ ಅಷ್ಟೆ. ಕ್ಲೋತಿಲ್ಡ್‌ಗೆ ಕಾಗದ ಬರೆದೆ. ಜೇಬಲ್ಲಿಟ್ಟುಕೊಂಡು ಅಂಚೆಪೆಟ್ಟಿಗೆ ದಾಟಿ ಬಂದೆ.
ಮರೆತೆ ಅಂತ ಬರೆಯೋಣ ಅಂದುಕೊಂಡೆ. ಮರೆತಿರಲಿಲ್ಲ.

೧೪ ಮಾರ್ಚ್
ನಿನ್ನೆ ಮುಂಜಾನೆ ಹೋದಳು. ಯಾರೂ ಬರಲಿಲ್ಲ. ಹೇಗೆ ಬಂದಾರು?
ಇವತ್ತು ನಾನೇ ಕೊಯ್ದೆ. ಬೆನ್ನುಹುರಿಯ ಎರಡೂ ಪಕ್ಕ ಗಟ್ಟಿ, ಬೂದು ಬಣ್ಣ. ನನ್ನ ಊಹೆ ಸರಿ. ಮೊರಿಸೇ ಎಲ್ಲರೆದುರು ಭುಜ ತಟ್ಟಿದರು.
"ಗೆದ್ಬಿಟ್ಟೆ ಕಣಯ್ಯಾ! ಹಿಸ್ಟೀರಿಯಾ ಅಂದಿದ್ದು ನಂದೇ ತಪ್ಪು."
ನಕ್ಕೆ. ನಿಜವಾಗಿ ಖುಷಿಯಾಗಿತ್ತು, ಅದೇ ಅಸಹ್ಯ.
ಹುರಿ ಜಾಡಿಗೆ, ಉಳಿದದ್ದು ಮಣ್ಣಿಗೆ. ಸಂಜೆ ಕಾಗದ ಅಂಚೆಗೆ ಹಾಕಿದೆ. ಹಳೇ ತಾರೀಖು ಹಾಗೇ ಬಿಟ್ಟೆ.

೧೭ ಮಾರ್ಚ್
ಕ್ಲೋತಿಲ್ಡ್ ಬಂದಳು. ಅಕ್ಕನದೇ ಮೂಗು.
"ಮೂರು ಗಂಟೆ ರೈಲು ಅಷ್ಟೆ. ಕಾಗದ ಮೊದ್ಲೇ ಸಿಕ್ಕಿದ್ರೆ ಮುಖನಾದ್ರೂ ನೋಡ್ತಿದ್ದೆ. ಹಾಳಾದ ಅಂಚೆಯೋರು!"
ಹೂಳಿದ ಜಾಗಕ್ಕೆ ಕರೆದೊಯ್ದೆ. ಹಸಿ ಮಣ್ಣು ಸವರುತ್ತಾ ಕೇಳಿದಳು.
"ಇಡಿಯಾಗೇ ಮಲಗಿದಾಳಲ್ಲಾ ಡಾಕ್ಟ್ರೇ? ಕೊಯ್ತಾರೆ ಅಂತ ತುಂಬಾ ಹೆದರ್ತಿದ್ಲು. ಒಬ್ರು ಚಿಕ್ಕ ಡಾಕ್ಟ್ರು ಮಾತು ಕೊಟ್ಟಿದಾರೆ ಅಂತ ಬರೆಸಿ ಕಳಿಸಿದ್ಲು."
"ಹೂಂ" ಅಂದೆ.
ನನ್ನ ಕೈಗೆ ಮುತ್ತಿಟ್ಟಳು. ಎಳೆದುಕೊಳ್ಳೋಕೂ ಆಗಲಿಲ್ಲ.

೧೮ ಮಾರ್ಚ್, ಬೆಳಿಗ್ಗೆ ೧೦.೧೦
ಹನ್ನೊಂದಕ್ಕೆ ಅವಳ ರೈಲು. ಕೋಟು ಹಾಕ್ಕೊಂಡಿದ್ದೀನಿ. ಓಡಿದರೆ ಸಿಕ್ತಾಳೆ. ನಿಜ ಹೇಳಿದರೆ ಜಾಡಿ ಕೇಳ್ತಾಳೆ — ಕೇಳಲೇಬೇಕು. ಅದಿಲ್ಲದೆ ಪ್ರಬಂಧ ಇಲ್ಲ. ನಾಲ್ಕು ವರ್ಷದ ಕೆಲಸ...
೧೦.೩೫. ಗಾಡಿ ಹಿಡಿದರೆ ಈಗಲೂ ತಲುಪಬಹುದು. ಹೀಗೆ ಬರೀತಾ ಕೂತರೆ—