ಕಾವಿಗೆ ಕೂತ ಕೋಳಿ

ಮಾರುಕು, ಬುಕೋಬಾ
ಆಗಸ್ಟ್ ೧೧, ಭಾನುವಾರ

ಪ್ರೀತಿಯ ಮುತಲೆಮ್ವಾ ಅವರಿಗೆ,

ಹೇಗಿದ್ದೀರಿ? ಮೀನಿನ ಕಾರ್ಖಾನೆಯ ಮಂಜುಗಡ್ಡೆಗೆ ಬಿರಿದಿದ್ದ ಬೆರಳು ವಾಸಿಯಾಯಿತೆ? ಮಲಗುವಾಗ ಎಣ್ಣೆ ಸವರಿಕೊಳ್ಳಿ, ಸೋಮಾರಿತನ ಮಾಡಬೇಡಿ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಕಾಫಿ ಹಣ್ಣು ಅಂಗಳದ ಚಾಪೆ ತುಂಬ ಒಣಗುತ್ತಿದೆ. ಫೋನಿನಲ್ಲಿ ಮಾತಾಡುವಾಗ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, ನನಗೆ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಂದು ಕೋಳಿ ನೆನಪಿದೆಯಲ್ಲ? ಅದು ಮೊಟ್ಟೆ ಇಡುವುದನ್ನು ಬಿಟ್ಟು ಬರಿಗೂಡಿನಲ್ಲೇ ಕಾವಿಗೆ ಕೂತುಬಿಟ್ಟಿತ್ತು. ಎಬ್ಬಿಸಹೋದರೆ ಕುಕ್ಕುತ್ತಿತ್ತು. ಒಂದು ಸಂಜೆ ಅತ್ತೆ ಅದನ್ನು ನೋಡಿ, "ಮನೇಲಿ ಇಂಥವು ಎರಡಾದ್ವು. ತಿನ್ನೋಕೆ ಮುಂದೆ, ಇಡೋಕೆ ಹಿಂದೆ" ಅಂದರು. ಕಾಫಿ ಕೊಯ್ಲು ಮುಗಿದ ಮೇಲೆ ನನ್ನನ್ನು ತವರಿಗೆ ಕಳಿಸಿ ನಿಮಗೆ ಬೇರೆ ಹುಡುಗಿ ನೋಡುವುದಾಗಿಯೂ ಹೇಳಿದರು. ಮರುದಿನ ಬಾಳೆನಾರಿನಿಂದ ಆ ಕೋಳಿಯ ಕಾಲು ಕಟ್ಟಿ ಚರ್ಚಿಗೆ ಒಯ್ದೆ. ಭಕ್ತಿಯಿಂದ ಒಯ್ದೆ ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ಒಳ್ಳೊಳ್ಳೆಯ ಬಾಳೆಗೊನೆ ಕೊಟ್ಟು ಮಗು ಕೇಳಿದ್ದೆ. ಈ ಸಲ ಏನನ್ನೂ ಕೇಳದೆ, ದೇವರೇ, ನೀನು ಮಾಡಿದ್ದನ್ನು ನೀನೇ ಇಟ್ಟುಕೋ ಎಂದು ಸಿಟ್ಟಿನಿಂದ ಬಲಿಪೀಠದ ಮುಂದೆ ಇಟ್ಟುಬಂದೆ.

ಆರಾಧನೆ ಮುಗಿದು ಎಂದಿನಂತೆ ಅಂಗಳದಲ್ಲಿ ಕಾಣಿಕೆಗಳನ್ನು ಹರಾಜು ಕೂಗುವ ಸವಾಲು ಶುರುವಾಯಿತು. ಕೂಗುವವರು ಗೊತ್ತಲ್ಲ, ಅದೇ ಹಿರಿಯ ರ್‍ವೆಹುಂಬಿಜಾ ಅಜ್ಜ. ಕೋಳಿಯನ್ನು ಎತ್ತಿ ಹಿಡಿದು, "ನೋಡ್ರಪ್ಪಾ, ಎಂಥಾ ದುಂಡು ಕೋಳಿ! ದಿನಾ ಒಂದು ಮೊಟ್ಟೆ!" ಅಂದರು. ಹಿಂದಿನಿಂದ ಯಾರೋ, "ಅಜ್ಜಾ, ದೇವರ ಅಂಗಳದಲ್ಲಿ ಸುಳ್ಳಾಡಬೇಡ. ಕೊಟ್ಟೋರು ಯಾರು ಅಂತ ನೋಡು, ಕೋಳಿ ಎಂಥದ್ದು ಅಂತ ಗೊತ್ತಾಗುತ್ತೆ" ಅಂದರು. ಎಲ್ಲರೂ ನಕ್ಕರು. ನಾನು ನೆಲ ನೋಡುತ್ತ ನಿಂತೆ.

ಆಗ ತೊರೆಯ ಪಕ್ಕದ ಮನೆಯ ಬಾತುಕೋಳಿ ಸಾಕುವ ಅಜ್ಜಿ ಕೊಕುಶುಬಿರಾ ಕೋಲೂರಿಕೊಂಡು ಮುಂದೆ ಬಂದಳು. "ಕೊಡಯ್ಯಾ ಅದನ್ನ ಇಲ್ಲಿ. ನನ್ನ ಬಾತುಗಳು ಮೊಟ್ಟೆ ಇಟ್ಟು ಊರು ಸುತ್ತೋಕೆ ಹೋಗ್ತವೆ. ಇಡೋರು ಬೇಕಾದಷ್ಟಿದಾರೆ, ಕೂರೋರು ಎಲ್ಲಿದಾರೆ?" ಎಂದು ದುಡ್ಡು ಕೊಟ್ಟು ಕೊಂಡಳು. ಸವಾಲಿನಲ್ಲಿ ಕೊಂಡದ್ದನ್ನು ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ವಾಡಿಕೆಯಲ್ಲವೆ? ಅವಳು ಕೋಳಿಯನ್ನು ತಂದು ನನ್ನ ಕೈಗೇ ಕೊಟ್ಟಳು. "ನಿನ್ನಲ್ಲೇ ಕೂತ್ಕೊಳ್ಳಲಿ ಮಗಳೇ, ಮೊಟ್ಟೆ ನಾನು ತಂದ್ಕೊಡ್ತೀನಿ." ನಾನು ಸಿಟ್ಟಿನಿಂದ ಬಿಸಾಕಿದ್ದನ್ನು ದೇವರು ಧೂಳು ಒರೆಸಿ ತಿರುಗಿ ಕೊಟ್ಟ ಹಾಗಾಯಿತು. ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಆ ಅಳು ದುಃಖದ್ದಲ್ಲ.

ಈಗ ಬಾತುಮರಿಗಳಾಗಿವೆ! ಮೊನ್ನೆ ಅವು ತೊರೆಗೆ ಇಳಿದಾಗ ಕೋಳಿ ದಡದಲ್ಲಿ ನಿಂತು ಊರೆಲ್ಲ ಕೇಳುವಂತೆ ಕಿರುಚಿತು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅಯ್ಯೋ ಹುಚ್ಚೀ, ತಾನು ಇಟ್ಟದ್ದಲ್ಲ ಅಂತ ಇನ್ನೂ ಗೊತ್ತಾಗಿಲ್ಲ ಇದಕ್ಕೆ!" ಅಂದರು. ಆಮೇಲೆ ಕಣ್ಣೊರೆಸಿಕೊಂಡು, "ಗೊತ್ತಾದ್ರೂ ಬಿಡ್ತಿರಲಿಲ್ಲ ಬಿಡು" ಅಂದರು. ಅಂದು ಊಟಕ್ಕೆ, ಯಾವಾಗಲೂ ತಮಗೇ ಎತ್ತಿಟ್ಟುಕೊಳ್ಳುವ ಮೀನಿನ ತಲೆಯ ತುಂಡನ್ನು ನನ್ನ ತಟ್ಟೆಗೆ ಹಾಕಿದರು. ಬೇರೆ ಹುಡುಗಿಯ ಮಾತು ಮತ್ತೆ ಎತ್ತಿಲ್ಲ.

ಮಗುವಿಗಾಗಿ ನಾನು ಈಗಲೂ ಪ್ರಾರ್ಥಿಸುತ್ತೇನೆ. ಆದರೆ ಚೌಕಾಸಿ ಬಿಟ್ಟಿದ್ದೇನೆ. ಕೊಟ್ಟರೂ ಕೊಡದಿದ್ದರೂ ಅವನು ನನ್ನನ್ನು ಬೇಡವೆನ್ನುವುದಿಲ್ಲ ಎಂಬುದೊಂದು ಗೊತ್ತಾಗಿದೆ. ಈಗ ನಿದ್ದೆ ಬರುತ್ತಿದೆ.

ದೇವರು ನಿಮ್ಮ ಕೈಗಳನ್ನು ಬೆಚ್ಚಗಿಡಲಿ.

ನಿಮ್ಮ
ಕೆಮಿಲೆಂಬೆ

ತಾ.ಕ.: ನಿನ್ನೆ ರಾತ್ರಿ ಬರೆದು ಮುಗಿಸಿದ್ದೆ, ಈಗ ಪತ್ರ ಒಯ್ಯುವ ಬ್ಯಾಬಾಟೊ ಬೈಕಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾನೆ, ಹಡಗು ತಪ್ಪುತ್ತದಂತೆ. ನಾನು ಆಸ್ಪತ್ರೆಗೆ ಹೋಗಿದ್ದೆ. ನನ್ನಲ್ಲಿ ದೋಷವೇನೂ ಕಾಣುವುದಿಲ್ಲ, ಗಂಡನನ್ನೂ ಕರೆದುಕೊಂಡು ಬಾ ಎಂದರು. ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕ್ರಿಸ್‌ಮಸ್ಸಿಗೆ ಬಂದಾಗ ಇಬ್ಬರೂ ಹೋಗೋಣ. ಹೆದರಬೇಡಿ. ಡಾಕ್ಟರು ಏನೇ ಹೇಳಲಿ, ನಾನು ನಿಮ್ಮ ಕಾಲಿಗೆ ಬಾಳೆನಾರು ಕಟ್ಟಿ ಸವಾಲಿಗೆ ಒಯ್ಯುವುದಿಲ್ಲ.