ಈರವ್ವ ಕೊಟ್ಟ ಕೆಂಪು ಗುಳಿಗೆ

ಗುಳೇದಗುಡ್ಡ
೨೧೩೧ನೇ ಇಸವಿ, ಶ್ರಾವಣದ ನಲವತ್ತೊಂದನೇ ದಿನ

ನನ್ನ ಅಜ್ಜಿಯ ಅಜ್ಜಿಯಾದ ಗುರುಸಿದ್ದವ್ವನಿಗೆ ನಾಗಲಾಂಬೆಯ ಶರಣು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡ. ಪಂಚಾಂಗ ಬದಲಾಗಿದೆ, ಮಾತೂ ಅಷ್ಟಿಷ್ಟು ಬದಲಾಗಿದೆ. ತಿಳಿಯದ ಕಡೆ ಮನ್ನಿಸು.

ನಿನ್ನ ಮೊಣಕಾಲು ನೋವು ನನಗೂ ಬಂದಿದೆ. ನಮ್ಮ ಮನೆತನದಲ್ಲಿ ಜಗಳವಿಲ್ಲದೆ ಪಾಲಾದದ್ದು ಇದೊಂದೇ! ಆದರೂ ಎಪ್ಪತ್ತೊಂದರ ವಯಸ್ಸಿನಲ್ಲೂ ಕುಳಿಮಗ್ಗಕ್ಕೆ ಇಳಿದು ಕುಪ್ಪಸದ ಖಣ ನೇಯುತ್ತೇನೆ, ಖುಷಿಯಾಗಿದ್ದೇನೆ. ಸವೆದ ಕೀಲನ್ನು ಹೊಸದು ಮಾಡುವ ಗುಳಿಗೆ ನಮ್ಮ ಕಾಲದಲ್ಲೂ ಹುಟ್ಟಿಲ್ಲ. ಮೊದಲು ಹಚ್ಚುವ ಮುಲಾಮು, ಜೊತೆಗೆ ತೊಡೆಗೆ ಕಸರತ್ತು. ಅದಕ್ಕೂ ಬಗ್ಗದಿದ್ದರೆ ಉಂಡ ಮೇಲೆ ಗುಳಿಗೆ, ಅದೂ ಬೇಕಾದಷ್ಟೇ ದಿನ. ತೀರಾ ಊದಿಕೊಂಡರೆ ಕೀಲಿಗೇ ಒಂದು ಸೂಜಿ. ಅಡುಗೆಮನೆಯಲ್ಲಿ ಮದ್ದುಗನ್ನಡಿ ಇದೆ. ನುಂಗುವುದನ್ನೆಲ್ಲ ಅದಕ್ಕೆ ತೋರಿಸಬೇಕು, ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಎಂದು ಹೇಳುತ್ತದೆ. ಅತ್ತೆಗಿಂತ ಜೋರು ಅದರ ಬಾಯಿ.

ನಿಮ್ಮ ಓಣಿಯಲ್ಲಿ ಕನ್ನಡಿ ಇರಲಿಲ್ಲ, ಭರಣಿ ಇತ್ತು. ಮನೆಗೆ ಬಂದವರಿಗೆ ಕುಂಕುಮ ಹಚ್ಚಿ, ಪಕ್ಕದ ಭರಣಿಯಿಂದ ನೋವಿನ ಗುಳಿಗೆ ತೆಗೆದು, ನನಗೆ ಹಿಡಿಸಿತು, ನೀನೂ ಒಂದು ತಗೋ ಎಂದು ಕೊಡುತ್ತಿದ್ದಿರಂತೆ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ನೀನು ಶ್ರಾವಣದ ಕೊನೆಯ ಸೋಮವಾರ, ಉಪವಾಸದ ಹೊಟ್ಟೆಯಲ್ಲಿ, ಡಾಕ್ಟರು ಬರೆದುಕೊಟ್ಟ ಬಿಳಿ ಗುಳಿಗೆಯ ಮೇಲೆ ಪಕ್ಕದ ಮನೆಯ ಈರವ್ವ ಕೊಟ್ಟ ಕೆಂಪು ಗುಳಿಗೆಯನ್ನೂ ನುಂಗಿದೆ. ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರಿಕೊಂಡೆ. ಡಾಕ್ಟರು ಕೇಳಿದರೂ, ಈರವ್ವನ ಹೆಸರು ಕೆಡಬಾರದೆಂದು ಬಾಯಿ ಬಿಡಲಿಲ್ಲ. ಎಂಥ ಹಟಮಾರಿಯೇ ನೀನು, ನಮ್ಮವ್ವಾ! ಜೀವ ಉಳಿಯಿತು, ಮೈಯಲ್ಲಿ ಕಸುವು ಉಳಿಯಲಿಲ್ಲ. ಬಸುರಿ ಮೊಮ್ಮಗಳ ಕುಬಸದ ಶಾಸ್ತ್ರಕ್ಕೆಂದು ನೇಯುತ್ತಿದ್ದ ಖಣ ಅರ್ಧಕ್ಕೇ ನಿಂತಿತು. ಆ ಮೊಮ್ಮಗಳೇ ನನ್ನಜ್ಜಿ. ಸಾಯುವವರೆಗೂ ಆ ಅರ್ಧ ಖಣ ಹಿಡಿದು ಇದನ್ನೆಲ್ಲ ಹೇಳಿ ಅಳುತ್ತಿದ್ದಳು. ಈಗ ಅದು ನನ್ನ ಗೋಡೆಯ ಮೇಲಿದೆ.

ಈ ಓಲೆ ಆ ಸೋಮವಾರದ ಹಿಂದಿನ ದಿನವೇ ನಿನ್ನ ಕೈ ಸೇರುವಂತೆ ಏರ್ಪಾಟು ಮಾಡಿದ್ದೇನೆ. ನಾಳೆ ಮೊದಲು ಉಣ್ಣು, ಶಿವ ಮುನಿಯುವುದಿಲ್ಲ. ಈರವ್ವ ಕೊಟ್ಟದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ನಿನ್ನದರ ಜೊತೆಗೆ ಡಾಕ್ಟರ ಮೇಜಿನ ಮೇಲಿಡು. ಆಮೇಲೆ ಮಗ್ಗಕ್ಕೆ ಇಳಿ.

ನಾನೂ ನಾಳೆ ಎದ್ದವಳೇ ಮೊದಲು ಗೋಡೆ ನೋಡುತ್ತೇನೆ. ಅಲ್ಲಿ ಏನೂ ಇರಬಾರದು. ನನ್ನಜ್ಜಿ ಆ ಖಣವನ್ನು ಹೊಲಿಸಿಕೊಂಡು, ತೊಟ್ಟು, ಹರಿಯುವವರೆಗೂ ಸವೆಸಿರಬೇಕು.