ಬಾಡಿಗೆಗೆ ಕೊಡುವ ಮೊದಲು

ಮಣಿಪಾಲ, ಗುರುವಾರ

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳಿದರೆ ನೀನು ಮಾತು ತಿರುಗಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಿಗೆ ರಜೆಯಿದ್ದ ಭಾನುವಾರಗಳಲ್ಲೆಲ್ಲ ಹುಡುಕಿ, ಕೊನೆಗೂ ಇಲ್ಲೊಂದು ಸಣ್ಣ ಫ್ಲ್ಯಾಟ್ ಕೊಂಡೆ. ನಾನಿರಲಿಕ್ಕಲ್ಲ, ಬಾಡಿಗೆಗೆ ಕೊಡಲಿಕ್ಕೆ. ಸಾಲದ ಕಂತಿಗೆ ಅದೇ ಆಧಾರ.

ಬ್ರೋಕರ್ ಜಿತೇಶ್, "ಸಸ್ಯಾಹಾರಿಗಳಿಗೆ ಮಾತ್ರ ಅಂತ ಬೋರ್ಡ್ ಹಾಕುವ ಮೇಡಂ, ಅಡುಗೆಮನೆ ಕ್ಲೀನ್ ಇರ್ತದೆ" ಎಂದರು. ನನಗೆ ನನ್ನ ಹಳೆಯ ಬಾಡಿಗೆ ಕೋಣೆ ನೆನಪಾಯಿತು. ಉಡುಪಿಯಲ್ಲಿ ಮೀನು ಮಾರಿ ನನ್ನನ್ನು ನೋಡಲು ಬರುವಾಗ, ಓನರ್ ಮೂಗು ಮುರಿದಾರೆಂದು ನೀನು ಬುಟ್ಟಿಯನ್ನು ಮಾರ್ಕೆಟಿನಲ್ಲೇ ಬಿಟ್ಟು, ಸೀರೆ ಬದಲಿಸಿ, ಕೈಗೆ ಲಿಂಬೆ ಉಜ್ಜಿಕೊಂಡು ಬರುತ್ತಿದ್ದೆ. ಮಗಳಿಗೆಂದು ಒಂದು ತುಂಡು ಮೀನೂ ತರುತ್ತಿರಲಿಲ್ಲ.

ಬೋರ್ಡ್ ಬೇಡವೇ ಬೇಡ ಎಂದೆ. ಕಾರ್ಕಳದ ಇಬ್ಬರು ನರ್ಸಿಂಗ್ ಹುಡುಗಿಯರು ಸೋಮವಾರ ಬರುತ್ತಾರೆ. "ಅಕ್ಕಾ, ಮೀನು ಮಾಡಬಹುದಾ?" ಎಂದು ಹೆದರಿ ಹೆದರಿ ಕೇಳಿದರು.

ಅವರು ಬರುವ ಮೊದಲು, ಈ ಭಾನುವಾರ, ಹಾಲು ಉಕ್ಕಿಸಲು ನೀನೇ ಬರಬೇಕು. ಆಮೇಲೆ ಅದೇ ಒಲೆಯಲ್ಲಿ ಬಂಗುಡೆ ಹುರಿಯುವ. "ಒಳ್ಳೆ ದಿನ ಮೀನಾ?" ಎನ್ನಬೇಡ. ಮಾರ್ಕೆಟಿನಿಂದ ನೇರ ಬಾ, ಸೀರೆ ಬದಲಿಸಬೇಡ. ಲಿಫ್ಟ್ ಉಂಟು, ಬುಟ್ಟಿಯನ್ನೂ ಮೇಲಕ್ಕೆ ತಾ.

ನಿನ್ನ
ಶ್ರೇಯಾ